ಸಾಕ್ಷಿ ಉತ್ತರಿಸಲಿಲ್ಲ

ಮೇಲಿನ ಕೋರ್ಟಿನಿಂದ ವಾಪಸು ಬಂದ ಆ ಕಟ್ಟನ್ನು ಬಿಚ್ಚಿದವನು ನಾನೇ. ಬಳ್ಳಾರಿಯಲ್ಲಿ ಕೂಲಿಕಾರರ ಪರಿಹಾರದ ದಾವೆಗಳನ್ನು ಕೇಳುವ ಕಚೇರಿಯಲ್ಲಿ ನಾನು ನಕಲು ಗುಮಾಸ್ತ. ಕಾರ್ಖಾನೆಯಲ್ಲಿ ಕೈ ಹೋದವರು, ಕಾಲು ಹೋದವರು, ಗಂಡನನ್ನೇ ಕಳೆದುಕೊಂಡವರು ಬಂದು ಹೇಳಿದ್ದೆಲ್ಲ ಕಾಗದವಾಗಿ ನನ್ನ ಮೇಜಿಗೆ ಬರುತ್ತಿತ್ತು. ಬಿಚ್ಚು, ಓದು, ನಕಲು ಮಾಡು, ಮತ್ತೆ ಕಟ್ಟು. ಇಷ್ಟೇ ನನ್ನ ಬಾಳು. ಹತ್ತು ವರ್ಷ ಈ ಕೆಲಸ ಮಾಡಿದ ಮೇಲೆ ಯಾವ ಕಾಗದವೂ ನನ್ನನ್ನು ಅಲುಗಿಸಲಾರದು ಎಂಬ ಸೊಕ್ಕು ನನಗಿತ್ತು. ಅದು ಆ ದಿನ ಇಳಿಯಿತು.

ನಲವತ್ತೆಂಟನೇ ಇಸವಿಯ ಏಪ್ರಿಲ್. ಕಚೇರಿಯ ಗೋಡೆ ಮುಟ್ಟಿದರೆ ಸುಡುವಂಥ ಬಿಸಿಲು. ಕೆಂಪು ದಾರ ಬಿಚ್ಚಿ ಮೇಲಿದ್ದ ತೀರ್ಪಿನ ಹಾಳೆಗಳನ್ನು ತಿರುವುತ್ತ ಹೋದೆ. ಮೂರನೇ ಹಾಳೆಗೆ ಬಂದು ನಿಂತುಬಿಟ್ಟೆ. ಅಲ್ಲಿದ್ದ ಇಂಗ್ಲಿಷಿನ ತಾತ್ಪರ್ಯ ಇಷ್ಟು: ಅರ್ಜಿ ಹಾಕಿದ ಹೆಂಗಸಿಗೆ ಸತ್ತ ಕೂಲಿಕಾರನ ಹೆಸರೇ ಗೊತ್ತಿಲ್ಲ. ಮೂರು ಸಲ ಕೇಳಿದರೂ ಉತ್ತರ ಕೊಟ್ಟಿಲ್ಲ. ಹಿಂದೆ ಕೂತಿದ್ದ ಯಾರೋ ಗಂಡಸು ಹೆಸರನ್ನು ಕೂಗಿ ಹೇಳಿಕೊಟ್ಟಿದ್ದಾನೆ. ಹೇಳಿಕೊಟ್ಟ ಮೇಲೂ ಆಕೆಯ ಬಾಯಿಂದ ಅದು ಬಂದಿಲ್ಲ. ಈ ದಾಖಲೆಯನ್ನು ಬರೆದ ಗುಮಾಸ್ತ ಸಾಕ್ಷಿಯ ಕೆಮ್ಮನ್ನೂ ಬಿಡದೆ ಬರೆದಿದ್ದಾನೆ. ಆದ್ದರಿಂದ ಆಕೆ ಹೆಸರು ಹೇಳಿದ್ದರೆ ಅದು ದಾಖಲೆಯಲ್ಲಿ ಇರದೆ ಹೋಗುತ್ತಿರಲಿಲ್ಲ. ಆಕೆ ಸತ್ತವನ ಹೆಂಡತಿ ಎಂದು ನಂಬಲು ಒಂದು ಸಾಲಿನ ಆಧಾರವೂ ಇಲ್ಲ. ಪರಿಹಾರದ ಹುಕುಂ ರದ್ದು. ಆಕೆಯನ್ನು ಮತ್ತೆ ಕರೆಸಿ ಕೇಳಿ, ಹೆಂಡತಿ ಹೌದೋ ಅಲ್ಲವೋ ಎಂದು ಹೊಸದಾಗಿ ತೀರ್ಮಾನಿಸತಕ್ಕದ್ದು.

ಹೆಂಡತಿ ಅಲ್ಲವಂತೆ! ಆಕೆಯನ್ನು ನಾನು ಕಣ್ಣಾರೆ ನೋಡಿದ್ದೆ. ಸಿರಿಗೇರಿಯ ಜಂಬಮ್ಮ. ಗಂಡ ಜಡೆಪ್ಪ ಬಳ್ಳಾರಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿ. ಓಡುತ್ತಿದ್ದ ಯಂತ್ರದ ಪಟ್ಟಾಕ್ಕೆ ಧೋತ್ರದ ಚುಂಗು ಸಿಕ್ಕಿ ಸತ್ತ. ಅವನ ಹೆಣವನ್ನು ಎತ್ತಿನ ಗಾಡಿಯಲ್ಲಿ ಸಿರಿಗೇರಿಗೆ ಒಯ್ದಾಗ ಪಕ್ಕದಲ್ಲಿ ಕೂತು ಹೋದವಳು ಈಕೆ. ಬಳೆ ಒಡೆಸಿಕೊಂಡವಳು ಈಕೆ. ಈಗ ಎಲ್ಲೋ ದೂರದಲ್ಲಿ ಕೂತವರು ನಾಲ್ಕು ಹಾಳೆ ಓದಿ, ನೀನು ಅವನಿಗೆ ಏನೂ ಅಲ್ಲ ಎಂದಿದ್ದರು. ಓದಿದ ನಾಲ್ಕು ಹಾಳೆ ಹೋಗಿದ್ದು ಎಲ್ಲಿಂದ? ನಮ್ಮ ಕಚೇರಿಯಿಂದ. ಬರೆದವನು ನನ್ನ ಗೆಳೆಯ ಚಿದಾನಂದಪ್ಪ. ತಾಳೆ ನೋಡಿ ಸಹಿ ಹಾಕಿದವನು ನಾನು.

ಚಿದಾನಂದಪ್ಪನ ವಿಷಯ ಮೊದಲು ಹೇಳಬೇಕು. ಕುರುಗೋಡಿನ ಒಕ್ಕಲು ಮನೆತನದವನು. ಬಳ್ಳಾರಿಗೆ ಬಂದು, ಅಂಗಡಿಯೊಂದರ ಅಟ್ಟದ ಮೇಲಿದ್ದ ಟೈಪು ಸಾಲೆಯಲ್ಲಿ ಶಾರ್ಟ್‌ಹ್ಯಾಂಡ್ ಕಲಿತ. ಒಂದು ಸಲ ನಪಾಸಾಗಿ, ಎರಡನೇ ಸಲ ಇಡೀ ಜಿಲ್ಲೆಗೇ ಮುಂದಾಗಿ ಪಾಸಾದ. ಕಲಿಯುವಾಗ ಅವನಿಗೆ ಒಂದು ಹುಚ್ಚು ಹಿಡಿದಿತ್ತು. ಕಿವಿಗೆ ಬಿದ್ದದ್ದೆಲ್ಲ ಗೀಚಬೇಕು. ಬದನೆಕಾಯಿ ಮಾರುವವಳ ಕೂಗು, ಜಟಕಾದವನ ಬೈಗುಳ, ಪಕ್ಕದ ಮನೆಯವರ ಜಗಳ, ಯಾವುದನ್ನೂ ಬಿಡುತ್ತಿರಲಿಲ್ಲ. ಹೆಂಡತಿ ಅಂಬಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತರೆ ಈ ಮಹಾರಾಯ ಪೆನ್ಸಿಲು ಹುಡುಕುತ್ತಿದ್ದ. "ಸ್ವಲ್ಪ ನಿಧಾನ ಬೈ, ಎರಡು ಮಾತು ತಪ್ಪಿ ಹೋದ್ವು" ಎನ್ನುತ್ತಿದ್ದ. ಆಕೆ ಇದಕ್ಕಾಗಿಯೇ ಜಗಳವಾಡುವುದನ್ನು ಬಿಟ್ಟಳು ಎಂದು ನಾವೆಲ್ಲ ನಗುತ್ತಿದ್ದೆವು.

ಬೇರೆ ಕಚೇರಿಗಳಲ್ಲಿ ಸಾಕ್ಷಿ ಹೇಳಿದ್ದರ ಸಾರವನ್ನು ಸಾಹೇಬರೇ ಬರೆದುಕೊಳ್ಳುತ್ತಿದ್ದರು. ದಾವೆ ಕೇಳುವ ನಮ್ಮ ಕಮಿಷನರಿಗೆ ಬಲಗೈ ನಡುಗುತ್ತಿತ್ತು. ಹಾಗಾಗಿ ನಮ್ಮಲ್ಲಿ ಪ್ರಶ್ನೆಗೆ ಪ್ರಶ್ನೆ, ಉತ್ತರಕ್ಕೆ ಉತ್ತರ, ಅಷ್ಟೂ ಚಿದಾನಂದಪ್ಪನದು. ಸಾಕ್ಷಿ ಕನ್ನಡದಲ್ಲಿ ಹೇಳಿದರೂ ತೆಲುಗಿನಲ್ಲಿ ಹೇಳಿದರೂ ಅವನ ಪುಸ್ತಕದಲ್ಲಿ ಅದು ಇಂಗ್ಲಿಷಿನ ಗೀಟುಗಳಾಗಿ ಇಳಿಯುತ್ತಿತ್ತು. ಸಾಕ್ಷಿ ಕೆಮ್ಮಿದರೆ ಕೆಮ್ಮು, ಹೊರಗೆ ಗಾಡಿ ಹೋದರೆ ಗದ್ದಲ, ಯಾವುದೂ ತಪ್ಪುತ್ತಿರಲಿಲ್ಲ. ಆದರೆ ಸದ್ದಿಲ್ಲದ್ದು ಅವನಿಗೆ ಇಲ್ಲವೇ ಇಲ್ಲ. ತಲೆ ಆಡಿಸಿದ್ದು, ಬೆರಳು ತೋರಿಸಿದ್ದು, ಕಣ್ಣಲ್ಲಿ ನೀರು ಬಂದದ್ದು ಯಾವುದನ್ನೂ ಬರೆಯುತ್ತಿರಲಿಲ್ಲ. ಬರೆಯುವಾಗ ತಲೆಯನ್ನೇ ಎತ್ತುತ್ತಿರಲಿಲ್ಲ. "ಚಂದ್ರಣ್ಣ, ನಾನು ಕಿವಿಲೆ ಬರಿಯಾವ. ಕಣ್ಣಿಗೆ ಕಂಡದ್ದು ಸಾಹೇಬರ ಕೆಲಸ" ಎಂದು ನನಗೆ ಹೇಳುತ್ತಿದ್ದ. ಸಾಕ್ಷಿ ಸುಮ್ಮನೆ ನಿಂತರೆ ಅದಕ್ಕೆ ತಾನೇ ಒಂದು ಗುರುತು ಮಾಡಿಕೊಂಡಿದ್ದ. ಒಂದು ಪುಟ್ಟ ಸೊನ್ನೆ, ಅದರ ಹೊಟ್ಟೆಯಲ್ಲಿ ಅಡ್ಡ ಗೀಟು. ಅವನ ಪುಸ್ತಕದಲ್ಲಿ ನನಗೆ ಓದಲು ಬರುತ್ತಿದ್ದುದು ಅದೊಂದೇ. ಟೈಪಿನಲ್ಲಿ ಅದು 'ಸಾಕ್ಷಿ ಉತ್ತರಿಸಲಿಲ್ಲ' ಎಂದಾಗುತ್ತಿತ್ತು.

ಜಂಬಮ್ಮನ ವಿಚಾರಣೆ ನಡೆದದ್ದು ನಲವತ್ತಾರರಲ್ಲಿ, ಜಡೆಪ್ಪ ಸತ್ತು ಐದು ತಿಂಗಳಾದ ಮೇಲೆ. ನಾಲ್ಕು ವರ್ಷದ ಮಗಳನ್ನು ಮೈದುನ ಗಾಳೆಪ್ಪನ ತೊಡೆಯ ಮೇಲೆ ಕೂಡಿಸಿ ಆಕೆ ಕಟಕಟೆ ಹತ್ತಿದಳು. ಊರು, ಮನೆ, ಮದುವೆಯಾದ ವರ್ಷ ಎಲ್ಲ ಸರಿಯಾಗಿಯೇ ಹೇಳಿದಳು. ಆಮೇಲೆ ಮಿಲ್ಲಿನ ವಕೀಲರು ಎದ್ದರು. ಹಳಬರು, ಊರಿನವರೇ. ಅವರು "ನಿನ್ನ ಗಂಡನ ಹೆಸರೇನು" ಎಂದು ಕೇಳಲಿಲ್ಲ. "ಆ ದಿನ ಮಿಲ್ಲಿನಲ್ಲಿ ಸತ್ತ ಕೂಲಿಕಾರನ ಹೆಸರೇನು?" ಎಂದು ಕೇಳಿದರು.

ಜಂಬಮ್ಮ ತಲೆ ತಗ್ಗಿಸಿ ಸೆರಗು ಎಳೆದುಕೊಂಡಳು.

"ಗೊತ್ತಿಲ್ಲವೇ?" ಅದಕ್ಕೂ ಮಾತಿಲ್ಲ. "ಸತ್ತವನ ಹೆಸರು ಹೇಳು."

ಆಕೆ ಹಿಂದಿನ ಬೆಂಚಿನ ಕಡೆ ತಿರುಗಿ ನೋಡಿದಳು. ನಮ್ಮ ಸೀಮೆಯಲ್ಲಿ ಯಾವ ಹೆಂಗಸು ತಾನೇ ತನ್ನ ಬಾಯಿಂದ ಗಂಡನ ಹೆಸರು ಹೇಳುತ್ತಾಳೆ? ಪಕ್ಕದಲ್ಲಿದ್ದವರು ಹೇಳಬೇಕು, ಆಕೆ ಹೂಂ ಅನ್ನಬೇಕು. ರೇಷನ್ ಅಂಗಡಿಯಲ್ಲಿ ನಾವು ದಿನಾ ನೋಡುವುದೇ ಇದು. ಕಾರ್ಡಿನವನು ಹೆಸರು ಕೇಳಿದರೆ ಹೆಂಗಸರು ಹಿಂದೆ ನಿಂತವರ ಮುಖ ನೋಡುತ್ತಾರೆ. ಗಾಳೆಪ್ಪ ಎದ್ದು ನಿಂತು, "ಜಡೆಪ್ಪ ಅಂತ್ರೀ ಸ್ವಾಮಿ!" ಎಂದು ಕೂಗಿದ. ಜಂಬಮ್ಮ ಹೌದೆಂದು ತಲೆ ಆಡಿಸಿದಳು. ಕಮಿಷನರು ಅನಂತಪುರದ ಕಡೆಯವರು, ಅವರ ಮನೆಯಲ್ಲೂ ಇದೇ ಪದ್ಧತಿ. ಮುಗುಳ್ನಕ್ಕು, "ಆಯಿತು, ಮುಂದೆ ಹೋಗಿ" ಎಂದರು. ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಪೆನ್ಸಿಲು ಮಾತ್ರ ಸೊನ್ನೆ ಹಾಕಿತು. ಒಂದಲ್ಲ, ಮೂರು.

ಮಧ್ಯಾಹ್ನ ಟೈಪು ಮುಗಿಯಿತು. ಅವನು ಪುಸ್ತಕ ಹಿಡಿದ, ನಾನು ಟೈಪಿನ ಹಾಳೆ ಗಟ್ಟಿಯಾಗಿ ಓದಿದೆ, ಅವನು "ತಾಳೆ" ಎಂದ, ನಾನು ಮೂಲೆಯಲ್ಲಿ ಸಹಿ ಹಾಕಿದೆ. ಆಮೇಲೆ ನಿಯಮದ ಪ್ರಕಾರ ಜಂಬಮ್ಮನನ್ನು ಕೂಡಿಸಿ ಕನ್ನಡದಲ್ಲಿ ಓದಿ ಹೇಳಿದವನೂ ನಾನೇ. ಹೆಸರು ಕೇಳಿದ್ದಕ್ಕೆ ಸಾಕ್ಷಿ ಉತ್ತರಿಸಲಿಲ್ಲ. ಮತ್ತೆ ಕೇಳಿದ್ದಕ್ಕೆ ಸಾಕ್ಷಿ ಉತ್ತರಿಸಲಿಲ್ಲ. "ಬರೋಬ್ಬರಿ ಐತೇನವ್ವಾ?" ಎಂದೆ.

"ಹೌದ್ರಿ, ಖರೇ ಐತಿ. ನಾ ಎಲ್ಲಿ ಹೇಳೀನ್ರಿ" ಎಂದು ನಾಚಿಕೊಂಡು ಹೆಬ್ಬೆಟ್ಟು ಒತ್ತಿದಳು.

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು! ಬಾಯಿಬಿಟ್ಟು ಓದಿದ್ದೆ. ಎರಡು ಸಲ ಓದಿದ್ದೆ. ಇದನ್ನು ಇಲ್ಲಿ ಕೂತು ನೋಡದವನು ಓದಿದರೆ ಏನು ತಿಳಿಯುತ್ತಾನೆ ಎಂಬುದು ಹೊಳೆಯಲೇ ಇಲ್ಲ. ಕಮಿಷನರೂ ತಮ್ಮ ಹುಕುಮಿನಲ್ಲಿ 'ಈಕೆ ಹೆಂಡತಿ ಎಂಬುದು ನನಗೆ ಮನದಟ್ಟಾಗಿದೆ' ಎಂದು ಒಂದೇ ಸಾಲು ಬರೆದು ಬಿಟ್ಟರು. ಏಕೆ ಮನದಟ್ಟಾಯಿತು ಎಂದು ಬರೆಯಲಿಲ್ಲ. ಮರುವರ್ಷ ರಿಟೈರಾಗಿ ಊರಿಗೆ ಹೋದರು. ಮಿಲ್ಲಿನವರು ನಮ್ಮ ಹಾಳೆಗಳನ್ನೇ ಹಿಡಿದುಕೊಂಡು ಅಪೀಲು ಹೋದರು.

ನಾನು ತೀರ್ಪಿನ ಹಾಳೆ ತೆಗೆದುಕೊಂಡು ಹೋಗಿ ಚಿದಾನಂದಪ್ಪನ ಮುಂದಿಟ್ಟೆ. ಓದಿದ. ಮತ್ತೆ ಓದಿದ. ಎದ್ದು ಬೀರುವಿನಿಂದ ನಲವತ್ತಾರರ ಪುಸ್ತಕ ತೆಗೆದ. ಆ ಪುಟ ಹುಡುಕಿ ಬೆರಳಿಟ್ಟು ಸಾಲು ಸಾಲೂ ನೋಡಿದ.

"ಒಂದಕ್ಷರನೂ ತಪ್ಪಿಲ್ಲಲೇ ಚಂದ್ರಣ್ಣ" ಎಂದ.

"ತಪ್ಪೈತಿ ಅಂತ ಯಾರಂದ್ರು?"

"ಒಂದಕ್ಷರನೂ ತಪ್ಪಿಲ್ಲ!" ಈ ಸಲ ಕೂಗಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಟೋಪಿ ಹಾಕಿಕೊಂಡು ಹೊರಟೇಬಿಟ್ಟ. ಇವನು ಎಲ್ಲಿಯಾದರೂ ಬಿದ್ದುಗಿದ್ದಾನು ಎಂದು ನಾನೂ ಹಿಂದೆಯೇ ಓಡಿದೆ.

ಸೀದಾ ಮನೆಗೆ ಹೋದ. ಅಂಬಮ್ಮ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಇವನು ಹೊಸ್ತಿಲಲ್ಲೇ ನಿಂತು, "ಈ ಮನಿ ಯಜಮಾನನ ಹೆಸರೇನು?" ಎಂದು ಕೇಳಿದ.

ಆಕೆ ತಲೆ ಎತ್ತಿ ನಕ್ಕಳು. "ಬಿಸಲು ಹತ್ತೈತೇನ್ರಿ ನಿಮಗ?"

"ಕೇಳಿದ್ದಕ್ಕ ಜವಾಬು ಹೇಳು. ಗೊತ್ತಿಲ್ಲೇನು?"

ಆಕೆಯ ನಗು ಹೋಯಿತು. ಮೊರ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. "ಹೆಸರು ಹೇಳು" ಎಂದು ಇವನು ಮೂರನೇ ಸಲ ಕೇಳಿದಾಗ ಆಕೆ ಇವನನ್ನು ನೋಡಲಿಲ್ಲ. ಏನಾಗಿದೆ ಇವರಿಗೆ, ನೀವಾದರೂ ಹೇಳಬಾರದೇ ಎನ್ನುವ ಹಾಗೆ ನನ್ನ ಮುಖ ನೋಡಿದಳು. ನನ್ನ ಬಾಯಿ ತಾನಾಗಿಯೇ ತೆರೆಯಿತು. "ಚಿದಾನಂದಪ್ಪ" ಎಂದೆ. ಆಕೆ ಹೂಂ ಎಂದು ತಲೆ ಆಡಿಸಿದಳು.

ಹೇಳಿದ ಮೇಲೆ ನನಗೆ ಹೊಳೆಯಿತು. ಎರಡು ವರ್ಷದ ಹಿಂದೆ ಗಾಳೆಪ್ಪ ಮಾಡಿದ್ದನ್ನೇ ನಾನು ಈಗ ಮಾಡಿದ್ದೆ, ಯೋಚನೆಯನ್ನೂ ಮಾಡದೆ ಮಾಡಿದ್ದೆ. ಚಿದಾನಂದಪ್ಪ ಹೊಸ್ತಿಲ ಮೇಲೆಯೇ ಕುಸಿದು ಕೂತ. ಅಂಬಮ್ಮ ನೀರು ತಂದುಕೊಟ್ಟಳು. ಅವನು ಆ ಚೆಂಬು ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

ಮುಂದಿನ ಭಾನುವಾರ ಸಿರಿಗೇರಿಗೆ ಹೋಗೋಣ ಎಂದ. ನನಗೆ ಸಿಟ್ಟೇ ಬಂತು. ದಾವೆ ನಡೆಯುತ್ತಿರುವಾಗ ಕಚೇರಿಯವರು ಅರ್ಜಿದಾರಳ ಮನೆಗೆ ಹೋಗುವುದೆಂದರೆ ನೌಕರಿ ಹೋಗುವ ಕೆಲಸ. "ನಿನಗ ತಲಿ ಕೆಟ್ಟೈತಿ, ನಾ ಬರಂಗಿಲ್ಲ" ಎಂದು ಬೈದೆ. ಬೈದು ಹೋದೆ ಕೂಡ, ಅವನೊಬ್ಬನನ್ನೇ ಕಳಿಸುವ ಧೈರ್ಯ ನನಗಿರಲಿಲ್ಲ. ಸಿರುಗುಪ್ಪದ ಬಸ್ಸಿನ ತುಂಬ ಜನ. ಹೊಳೆಯಾಚೆಯ ನಿಜಾಮನ ಸೀಮೆಯಲ್ಲಿ ಆಗ ಗಲಾಟೆ. ಅಲ್ಲಿ ಉಳಿದ ನೆಂಟರನ್ನು ಕರೆತರಲು ಹೊರಟವರ ಆತಂಕದ ಮಾತುಗಳೇ ಬಸ್ಸಿನ ತುಂಬ. ಚಿದಾನಂದಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಪೆನ್ಸಿಲು ಜೇಬಿನಲ್ಲೇ ಇತ್ತು.

"ನಮ್ಮವ್ವನೂ ಹೇಳ್ತಿದ್ದಿಲ್ಲಲೇ" ಎಂದ ಇದ್ದಕ್ಕಿದ್ದಂತೆ. "ಕುರುಗೋಡಿನ್ಯಾಗ ಕಂದಾಯದವ್ರು ಬಂದ್ರ, ಮುನ್ಷಿ ಬಂದ್ರ, ನನ್ನ ಮುಂದ ನೂಕ್ತಿದ್ಲು. ನಾ ಹೇಳ್ತಿದ್ದೆ ಅಪ್ಪನ ಹೆಸರು. ಐದು ವರ್ಸದಾವ ಇದ್ದಾಗಿಂದ ನಾನೇ ಹೇಳ್ತಿದ್ದೆ. ನಮ್ಮವ್ವನ ಬಾಯಿ ಅಂದ್ರ ನಾನೇ ಆಗಿದ್ದೆ. ನಂಗ ಗೊತ್ತಿತ್ತಲೇ ಚಂದ್ರಣ್ಣ. ಗೊತ್ತಿದ್ದೂ ಸೊನ್ನಿ ಹಾಕಿದೆ."

ಜಂಬಮ್ಮ ಮೈದುನನ ಮನೆಯಲ್ಲೇ ಇದ್ದಳು. ನಮಗಿಂತ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಮಿಲ್ಲಿನ ಮೇಸ್ತ್ರಿಯೊಬ್ಬ ಸಂತೆಯಲ್ಲಿ ನಿಂತು, ದೊಡ್ಡ ಕೋರ್ಟಿನವರೇ ಆಕೆಯನ್ನು ಹೆಂಡತಿ ಅಲ್ಲ ಅಂದಿದ್ದಾರೆ ಎಂದು ಸಾರಿ ಹೋಗಿದ್ದ. ಎರಡು ವರ್ಷದ ಹಿಂದೆ ನೋಡಿದ್ದ ಹೆಂಗಸಲ್ಲ ಅದು. ಕೆನ್ನೆ ಒಳಗೆ ಹೋಗಿದ್ದವು. ನಮ್ಮನ್ನು ಗುರುತು ಹಿಡಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಾಳೆಪ್ಪ ಕಂಬಳಿ ಹಾಸಿದ. ಆಕೆ ಗೋಡೆಗೆ ಒರಗಿ ನಿಂತಳು.

"ಸ್ವಾಮಿ, ನೀವು ಓದಿದೋರು. ಒಂದು ಮಾತು ಕೇಳ್ತೀನಿ, ಹೇಳ್ರಿ" ಎಂದಳು. "ನಾ ಆತನ ಹೆಂಡ್ತಿ ಅಲ್ಲ ಅಂದ್ರ, ಈ ನನ್ನ ಮಗಳು ಯಾರ ಮಗಳ್ರಿ?"

ಮಗಳು ಬಾಗಿಲ ಹತ್ತಿರ ಕೂತು ಕಡಲೆ ತಿನ್ನುತ್ತಿದ್ದಳು. ಆರು ವರ್ಷ. ಸೇದುವ ಬಾವಿಯ ಹತ್ತಿರ ಹುಡುಗರು ಅವಳನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಗಾಳೆಪ್ಪ ಆಮೇಲೆ ನಮಗೆ ಹೊರಗೆ ಹೇಳಿದ. ಅದನ್ನು ಇಲ್ಲಿ ಬರೆಯಲಾರೆ. ಪರಿಹಾರದ ಹಣ ಬಂದರೂ ಬಿಟ್ಟರೂ ಆ ಮಾತು ಆ ಮಗುವಿಗೆ ಅಂಟಿಕೊಂಡುಬಿಡುತ್ತದಲ್ಲ!

ಚಿದಾನಂದಪ್ಪ ಕೈ ಜೋಡಿಸಿದ. "ತಪ್ಪಾಗೈತಿ ತಂಗಿ. ಇನ್ನೊಂದ್ಸಲ ಕರೀತಾರ. ಈ ಸಲ ನೀ ನಿನ್ನ ಬಾಯಿಲೆನೇ ಹೆಸರು ಹೇಳ್ಬೇಕು. ಯಾರ ಕಡಿಗೂ ನೋಡಬ್ಯಾಡ. ಹೇಳಿದ್ರ ನಾ ಬರಕಂತೀನಿ, ಬರದದ್ದನ್ನ ಯಾರೂ ತೆಗ್ಯಾಕ ಆಗಂಗಿಲ್ಲ."

ಆಕೆ ಮಗಳ ಕಡೆ ನೋಡಿದಳು. "ಹೆಸರು ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಗ್ತೈತಿ ಅಂತಿದ್ಲು ನಮ್ಮವ್ವ. ಎಂಟು ವರ್ಸ ಹೇಳ್ಲಿಲ್ಲ. ಕನಸಿನ್ಯಾಗೂ ಹೇಳ್ಲಿಲ್ಲ. ಈಗ ಕಡಿಮಿ ಆಗಾಕ ಏನು ಉಳದೈತ್ರಿ?" ಎಂದಳು. "ಹೇಳ್ತೀನಿ. ಕೋರ್ಟಿನ್ಯಾಗ ಹೇಳ್ತೀನಿ, ಇಲ್ಲಿ ಬ್ಯಾಡ."

ಜುಲೈ ತಿಂಗಳಲ್ಲಿ ವಿಚಾರಣೆ. ಹೊಸ ಕಮಿಷನರು ತಮಿಳುಸೀಮೆಯವರು, ಕನ್ನಡ ಅರ್ಧಂಬರ್ಧ ತಿಳಿಯುತ್ತಿತ್ತು. ಶಿಸ್ತಿನ ಮನುಷ್ಯ. ಸಿರಿಗೇರಿಯಿಂದ ಇಬ್ಬರು ಹಿರಿಯರು ಬಂದು ಮದುವೆ ನೋಡಿದ್ದೇವೆ ಎಂದು ಹೇಳಿದರು. ಒಬ್ಬರು ಗಾಳೆಪ್ಪನ ಸೋದರಮಾವ, ಇನ್ನೊಬ್ಬರು ಗಾಳೆಪ್ಪನ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡಿದವರು. ಮಿಲ್ಲಿನ ವಕೀಲರು ಇಬ್ಬರನ್ನೂ ಕೊಡವಿ ಹಾಕಿದರು. "ಇವರೆಲ್ಲ ಬೇಡ ಸ್ವಾಮಿ. ಮೇಲಿನ ಕೋರ್ಟು ಕೇಳಿರುವುದು ಆಕೆಯ ಬಾಯಿಂದ. ಆಕೆಯೇ ಹೇಳಲಿ" ಎಂದರು. ಹೇಳಿಕೊಡುವವರು ಯಾರೂ ಇರಬಾರದು ಎಂದು ಗಾಳೆಪ್ಪನನ್ನೂ ಮಗುವನ್ನೂ ಹೊರಗೆ ಜಗಲಿಗೆ ಕಳಿಸಿದರು. ಹಿಂದಿನ ಬೆಂಚು ಖಾಲಿ ಆಯಿತು.

ಜಂಬಮ್ಮ ಕಟಕಟೆ ಹತ್ತಿದಳು. ಚಿದಾನಂದಪ್ಪ ಆಕೆಯ ಕಾಲಬುಡದಲ್ಲೇ, ಚಿಕ್ಕ ಮೇಜಿನ ಮುಂದೆ. ನಾನು ಎರಡು ಮಾರು ದೂರದಲ್ಲಿ ಕಡತ ಹಿಡಿದು ನಿಂತಿದ್ದೆ.

"ಆ ದಿನ ಮಿಲ್ಲಿನಲ್ಲಿ ಸತ್ತ ಕೂಲಿಕಾರನ ಹೆಸರೇನು?" ಅದೇ ಪ್ರಶ್ನೆ. ಪುಣ್ಯಾತ್ಮ ಒಂದು ಪದ ಬದಲಿಸಲಿಲ್ಲ.

ಜಂಬಮ್ಮ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದಳು. ಅಭ್ಯಾಸಕ್ಕೆ ಹಿಂದೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಮುಂದೆ ನೋಡಿದಳು. ಹೇಳಬೇಕೆಂದೇ ಬಂದಿದ್ದಾಳೆ, ಅದು ಮುಖದಲ್ಲೇ ಕಾಣುತ್ತಿತ್ತು. ಬಾಯಿ ತೆರೆಯಿತು, ಮುಚ್ಚಿತು. ಹೇಳವ್ವಾ, ಹೇಳಿಬಿಡು ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಆಕೆಯ ತುಟಿ ಎರಡು ಸಲ ಅಲುಗಿದವು.

ಆಗ ಚಿದಾನಂದಪ್ಪ ತಲೆ ಎತ್ತಿದ. ಇಷ್ಟು ವರ್ಷದ ನೌಕರಿಯಲ್ಲಿ ಅವನು ಸಾಕ್ಷಿಯ ಮುಖ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ನೋಡಿದ. ತಲೆ ತಗ್ಗಿಸಿ ಪುಸ್ತಕದಲ್ಲಿ ಗೀಚಿದ.

"ನನಗೆ ಕೇಳಿಸಲಿಲ್ಲ" ಎಂದರು ವಕೀಲರು.

ಕಮಿಷನರು ಚಿದಾನಂದಪ್ಪನ ಕಡೆ ತಿರುಗಿದರು. "ಸಾಕ್ಷಿ ಏನು ಹೇಳಿದಳು? ಓದು."

ಅವನು ಎದ್ದು ನಿಂತ. "ಜಡೆಪ್ಪ" ಎಂದು ಓದಿದ. ಮೆತ್ತಗಲ್ಲ, ಜಗಲಿಯವರಿಗೂ ಕೇಳುವಷ್ಟು ಗಟ್ಟಿಯಾಗಿ.

ವಕೀಲರು ಕುರ್ಚಿಯಿಂದ ಹಾರಿದರು. ಆಕೆ ಏನೂ ಹೇಳಿಲ್ಲ, ಮತ್ತೆ ಕೇಳಬೇಕು ಎಂದು ಕೂಗಾಡಿದರು. ಕಮಿಷನರು ತೀರ್ಪಿನ ಮೂರನೇ ಹಾಳೆಯನ್ನು ಎತ್ತಿ ತೋರಿಸಿದರು. "ಆತ ನಿಮಗಿಂತ ಹತ್ತಿರ ಕೂತಿದ್ದಾನೆ. ಆತ ಸಾಕ್ಷಿ ಹೇಳದ್ದನ್ನು ಬರೆಯುವವನಲ್ಲ, ಹೇಳಿದ್ದನ್ನು ಬಿಡುವವನೂ ಅಲ್ಲ ಎಂದು ನೀವೇ ಮೇಲೆ ವಾದಿಸಿ ಗೆದ್ದಿದ್ದೀರಿ. ಈಗ ಬೇರೆ ಮಾತೇ? ಕೂತುಕೊಳ್ಳಿ."

ಆಕೆ ಹೇಳಿರಬೇಕು, ದೂರದಲ್ಲಿದ್ದ ನನಗೆ ಕೇಳಿಸಿಲ್ಲ ಅಷ್ಟೇ ಎಂದುಕೊಂಡೆ. ಖುಷಿಯಿಂದ ಕಣ್ಣು ಮಂಜಾಯಿತು. ಆ ಖುಷಿ ಒಂದೇ ತಾಸು. ಟೈಪಾದ ಹಾಳೆಗಳನ್ನು ಹಿಡಿದು ತಾಳೆ ನೋಡಲು ಕೂತೆವು. ನಾನು ಓದುತ್ತ ಹೋದೆ, ಅವನು ಪುಸ್ತಕದ ಮೇಲೆ ಬೆರಳಿಟ್ಟು ಬಂದ. "ಪ್ರಶ್ನೆ: ಸತ್ತ ಕೂಲಿಕಾರನ ಹೆಸರೇನು? ಉತ್ತರ: ಜಡೆಪ್ಪ" ಎಂದು ಓದಿ, ಇಷ್ಟು ದೊಡ್ಡ ಮಾತಿಗೆ ಅವನ ಗೀಟು ಹೇಗಿರುತ್ತದೋ ನೋಡೋಣ ಎಂದು ಸುಮ್ಮನೆ ಬಗ್ಗಿದೆ.

ಬೆರಳ ತುದಿಯಲ್ಲಿ ಸೊನ್ನೆ ಇತ್ತು. ಹೊಟ್ಟೆಯಲ್ಲಿ ಅಡ್ಡ ಗೀಟು ಇದ್ದ ಸೊನ್ನೆ.

ಆಕೆ ಹೆಸರು ಹೇಳಿರಲೇ ಇಲ್ಲ. ಇದು ಹೊರಗೆ ಬಿದ್ದರೆ ನೌಕರಿ ಒಂದೇ ಅಲ್ಲ, ಅವನು ಜೈಲಿಗೆ ಹೋಗುತ್ತಾನೆ. ತಾಳೆ ಎಂದು ಸಹಿ ಹಾಕಿದರೆ ನಾನೂ ಹೋಗುತ್ತೇನೆ. ಬಾಗಿಲ ಕಡೆ ನೋಡಿ, "ಅಳಸಿಬಿಡಲೇ ಅದನ್ನ!" ಎಂದು ಪಿಸುಗುಟ್ಟಿದೆ. ರಬ್ಬರನ್ನು ನಾನೇ ಮುಂದೆ ನೂಕಿದೆ.

ಅವನು ಮುಟ್ಟಲಿಲ್ಲ. "ಕಿವಿಗೆ ಏನು ಬಿತ್ತೋ ಅದನ್ನ ಬರ್ದೀನಿ. ನಾ ಬರ್ದದ್ದು ಅಳಸಂಗಿಲ್ಲ" ಎಂದ. "ಓದು ಮುಂದಕ."

ಎಂಥ ಮನುಷ್ಯ! ಇಡೀ ಕಚೇರಿಯ ಮುಂದೆ ಸುಳ್ಳು ಓದಿದವನು ತನ್ನ ಪುಸ್ತಕದಲ್ಲಿ ಸುಳ್ಳು ಬರೆಯಲು ಒಪ್ಪಲಿಲ್ಲ. ನಿಯಮದ ಪ್ರಕಾರ ಆ ಪುಸ್ತಕ ಮೂರು ವರ್ಷ ಬೀರುವಿನಲ್ಲೇ ಇತ್ತು. ಐವತ್ತೊಂದರಲ್ಲಿ ಹಳೆಯ ಪುಸ್ತಕಗಳನ್ನು ಸುಡುವ ದಿನದವರೆಗೂ ಆ ಬೀರುವಿನ ಬೀಗದ ಸದ್ದಾದರೆ ನನಗೆ ಬೆವರು ಬರುತ್ತಿತ್ತು. ಸುಡುವ ದಿನ ಅವನು ರಜೆಯ ಮೇಲಿದ್ದ. ಬೆಂಕಿಗೆ ಹಾಕಿದವನು ನಾನು.

ಆದರೆ ಆ ಮಧ್ಯಾಹ್ನ ಇನ್ನೂ ಒಂದು ಕೆಲಸ ಉಳಿದಿತ್ತು. ಸಹಿ ಹಾಕಿದೆ. ಹಾಕುವಾಗ ನನ್ನ ಹೆಸರಿನ ಅಕ್ಷರಗಳೇ ನನಗೆ ಹೊಂದಲಿಲ್ಲ. ಆಮೇಲೆ ಜಂಬಮ್ಮನನ್ನು ಒಳಗೆ ಕರೆದರು, ನಾನು ಓದಿ ಹೇಳಬೇಕು, ಆಕೆ ಹೌದೆನ್ನಬೇಕು. ಮಿಲ್ಲಿನ ವಕೀಲರು ಎದುರಿಗೇ ಬಂದು ನಿಂತರು. ಆಕೆ ಸುಳ್ಳು ಹೇಳುವವಳಲ್ಲ, ಅದು ನನಗೆ ಗೊತ್ತಿತ್ತು. ಹಿಂದಿನ ಸಲ ತನ್ನ ಕುತ್ತಿಗೆಗೇ ಬರುವ ಮಾತನ್ನು ಖರೇ ಐತಿ ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿದವಳು. ಈಗಲೂ "ನಾ ಎಲ್ಲಿ ಹೇಳೀನ್ರಿ" ಎಂದುಬಿಟ್ಟರೆ? ಚಿದಾನಂದಪ್ಪ ಗೋಡೆಯ ಹತ್ತಿರ ನಿಂತಿದ್ದ. ಅವನ ಕೈಯಲ್ಲಿ ಪೆನ್ಸಿಲೂ ಇರಲಿಲ್ಲ.

ನಾನು ಓದಿದೆ. ಊರು, ವಯಸ್ಸು, ಮದುವೆ. "ಸತ್ತ ಕೂಲಿಕಾರನ ಹೆಸರೇನು ಎಂದು ಕೇಳಿದ್ದಕ್ಕೆ ಸಾಕ್ಷಿ, ಜಡೆಪ್ಪ ಎಂದು ಉತ್ತರಿಸಿದಳು."

ಜಂಬಮ್ಮ ತಲೆ ಎತ್ತಿದಳು. ನನ್ನನ್ನು ನೋಡಿದಳು, ಗೋಡೆಯ ಹತ್ತಿರ ನಿಂತವನನ್ನು ನೋಡಿದಳು. ತನ್ನ ಬಾಯಿಂದ ಒಂದು ಸದ್ದೂ ಬಂದಿರಲಿಲ್ಲ ಎಂಬುದು ಆಕೆಗೆ ಗೊತ್ತು, ನಮಗೂ ಗೊತ್ತು. "ಬರೋಬ್ಬರಿ ಐತೇನವ್ವಾ?" ಎಂದೆ.

"ಇನ್ನೊಂದ್ಸಲ ಓದ್ರಿ" ಎಂದಳು.

ವಕೀಲರು ಮುಂದೆ ಬಾಗಿದರು. ನಾನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಓದಿದೆ. ಸಾಕ್ಷಿ, ಜಡೆಪ್ಪ ಎಂದು ಉತ್ತರಿಸಿದಳು.

ಆಕೆಯ ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡು, "ಖರೇ ಐತ್ರಿ" ಎಂದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಶಾಯಿಯ ಡಬ್ಬಿಗೆ ಹೆಬ್ಬೆರಳು ಅದ್ದಿ, ನಾನು ತೋರಿಸಿದ ಜಾಗದಲ್ಲಿ ಒತ್ತಿದಳು.

ಆಮೇಲೆ ಜಗಲಿಗೆ ಹೋಗಿ ಮಗಳ ಕೈ ಹಿಡಿದುಕೊಂಡಳು. ಆಕೆಯ ಬೆರಳಿನ ಶಾಯಿ ಮಗುವಿನ ಕೈಗೂ ಹತ್ತಿತು. ಒರೆಸಬೇಡ, ಇರಲಿ ಬಿಡು ಎಂದು ಆಕೆ ಗಾಳೆಪ್ಪನಿಗೆ ಹೇಳುತ್ತಿದ್ದುದು ಒಳಗಿದ್ದ ನಮ್ಮಿಬ್ಬರಿಗೂ ಕೇಳಿಸಿತು.